ಒಂಬತ್ತು ಇಂಚಿನ ಪರದೆಯ ಬೆನ್ನಿಗೆ ಏನಿದೆ? ನ್ಯಾವಿಗೇಶನ್ ಇರುವ ಕಾರ್ ಸ್ಟೀರಿಯೊಗಳ ವಿಮರ್ಶೆ

ಬೆಂಗಳೂರಿನ ಜೆ.ಸಿ. ರಸ್ತೆಯ ಕಾರ್ ಆ್ಯಕ್ಸೆಸರಿ ಅಂಗಡಿಗಳಲ್ಲಿ ಗೋಡೆ ತುಂಬ ಒಂಬತ್ತು, ಹತ್ತು ಇಂಚಿನ ಪರದೆಗಳು ಉರಿಯುತ್ತಿರುತ್ತವೆ. ಕೊಳ್ಳಲು ಬಂದವರು ಕೇಳುವುದು ಎರಡೇ: ಎಷ್ಟು ಇಂಚು, ಎಷ್ಟು ಜಿಬಿ. ಜಿಪಿಎಸ್ ಆಂಟೆನಾ ಎಲ್ಲಿ ಕೂರಿಸುತ್ತೀರಿ, ಅರ್ಥ್ ಎಲ್ಲಿಗೆ ಕೊಡುತ್ತೀರಿ ಎಂದು ಕೇಳುವವರು ಅಪರೂಪ. ಆದರೆ ಕೆಲವು ತಿಂಗಳ ಮೇಲೆ ಅದೇ ಗಿರಾಕಿ ಹಿಂದಿರುಗಿ ಬರುವುದು ಬೇರೆಯೇ ದೂರು ಹೊತ್ತು: ‘ಮ್ಯಾಪ್ ಪಕ್ಕದ ರಸ್ತೆ ತೋರಿಸುತ್ತೆ’, ‘ಎಫ್‌ಎಂ ಕ್ಲಿಯರ್ ಇಲ್ಲ’, ‘ಎರಡು ದಿನ ನಿಲ್ಲಿಸಿದ್ರೆ ಬ್ಯಾಟರಿ ಡೌನ್’. ಮೂರಕ್ಕೂ ಕಾರಣ ಬಹುಪಾಲು ಡ್ಯಾಶ್‌ಬೋರ್ಡಿನ ಒಳಗಿರುತ್ತದೆ. ಹಾಗಾಗಿ ಇಲ್ಲಿ ಪರದೆಗಿಂತ ಅದರ ಬೆನ್ನಿಗೇ ಹೆಚ್ಚು ಜಾಗ ಕೊಟ್ಟಿದೆ.

ಮಾರುಕಟ್ಟೆಯಲ್ಲಿ ‘ನ್ಯಾವಿಗೇಶನ್ ಇದೆ’ ಎಂದು ಮಾರುವ ಸೆಟ್ಟುಗಳು ಮೂರು ಜಾತಿ. ಒಂದು, ನಕ್ಷೆಯನ್ನು ತನ್ನ ಹೊಟ್ಟೆಯಲ್ಲೇ ಇಟ್ಟುಕೊಂಡವು: ಕೆನ್ವುಡ್‌ನ ಡಿಎನ್‌ಎಕ್ಸ್ ಸಾಲು, ಪಯೊನಿಯರ್‌ನ ಎವಿಐಸಿ ಸಾಲು. ಎರಡು, ಫೋನಿನ ನಕ್ಷೆಯನ್ನು ಪರದೆಗೆ ತರುವವು, ಅಂದರೆ ಆ್ಯಪಲ್ ಕಾರ್‌ಪ್ಲೇ ಮತ್ತು ಆಂಡ್ರಾಯ್ಡ್ ಆಟೊ ಸೆಟ್ಟುಗಳು. ಮೂರು, ಚೀನಾದಿಂದ ಬರುವ ಆಂಡ್ರಾಯ್ಡ್ ಸ್ಟೀರಿಯೊ. ಇದು ಕಾರಿಗೆ ಅಂಟಿಸಿದ ಟ್ಯಾಬ್ಲೆಟ್ಟೇ. ನಮ್ಮ ಕಡೆ ಹತ್ತರಲ್ಲಿ ಏಳೆಂಟು ಕಾರಿಗೆ ಹೊರಗಿನಿಂದ ಹಾಕಿಸುವುದು ಈ ಮೂರನೆಯದನ್ನೇ ಎಂಬಂತೆ ಕಾಣುತ್ತದೆ.

ಮೊದಲ ಜಾತಿಯ ಹಳೆಯ ಮರ್ಯಾದೆ ಇನ್ನೂ ಹೋಗಿಲ್ಲ. ಪಯೊನಿಯರ್ 1990ರಲ್ಲೇ ಜಪಾನಿನಲ್ಲಿ ಎವಿಐಸಿ-1 ಎಂಬ ಜಿಪಿಎಸ್ ಸೆಟ್ಟನ್ನು ಜನಸಾಮಾನ್ಯರಿಗೆ ಮಾರಿದ ಕಂಪನಿ. ಕೆನ್ವುಡ್ ತನ್ನ ಡಿಎನ್‌ಎಕ್ಸ್ ಸೆಟ್ಟುಗಳಿಗೆ ಗಾರ್ಮಿನ್ ನಕ್ಷೆಯನ್ನು ಹಾಕಿಕೊಂಡು ಬಂತು. ಇವುಗಳ ನಿಜವಾದ ಬಲ ನಕ್ಷೆಗಿಂತ ಒಳಗಿನ ಗೈರೊ ಸೆನ್ಸರ್ ಮತ್ತು ಕಾರಿನ ವೇಗದ ಪಲ್ಸ್ ಪಡೆಯುವ ವೈರು. ಉಪಗ್ರಹ ಕಾಣದ ಕಡೆಯೂ ಚಕ್ರ ಎಷ್ಟು ಉರುಳಿತು, ಕಾರು ಎಷ್ಟು ತಿರುಗಿತು ಎಂಬ ಲೆಕ್ಕದಿಂದಲೇ ಬಾಣ ಮುಂದೆ ಸಾಗುತ್ತದೆ. ಕಾರವಾರದ ಹೆದ್ದಾರಿ ಸುರಂಗದೊಳಗೆ ಇಂಥ ಸೆಟ್ಟಿನ ಬಾಣ ನಿಲ್ಲುವುದಿಲ್ಲ. ಅಗ್ಗದ ಆಂಡ್ರಾಯ್ಡ್ ಸೆಟ್ಟಿನದು ಸುರಂಗದ ಬಾಯಲ್ಲೇ ನಿಂತು, ಆಚೆ ಬಂದ ಮೇಲೆ ಜಿಗಿಯುತ್ತದೆ.

ಇವುಗಳ ದೌರ್ಬಲ್ಯವೂ ನಕ್ಷೆಯೇ. ಹೊಸ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಇಳಿಸಿ, ಪೆನ್‌ಡ್ರೈವ್‌ಗೆ ಹಾಕಿ, ಸೆಟ್ಟಿಗೆ ಚುಚ್ಚಿ, ಎಂಜಿನ್ ಚಾಲೂ ಇಟ್ಟು ಕಾಯಬೇಕು. ಅರ್ಧಕ್ಕೆ ಕೀ ತೆಗೆದರೆ ಮತ್ತೆ ಮೊದಲಿನಿಂದ ಶುರು, ಕೆಲವೊಮ್ಮೆ ಸರ್ವಿಸ್ ಸೆಂಟರಿನ ದಾರಿ. ಉಚಿತ ಅವಧಿ ಮುಗಿದ ಮೇಲೆ ನಕ್ಷೆಗೆ ಬೇರೆ ದುಡ್ಡು. ಮೂರು ವರ್ಷ ಹಳೆಯ ನಕ್ಷೆ ಇಟ್ಟುಕೊಂಡು ಬೆಂಗಳೂರಿನಲ್ಲಿ ಓಡಾಡಿದರೆ ಹೊಸ ಫ್ಲೈಓವರಿನ ಮೇಲೆ ಬಾಣ ಗಾಳಿಯಲ್ಲಿ ತೇಲುತ್ತದೆ. ಒಂಟಿಕೊಪ್ಪಲ್ ಎರಡನೇ ಮೇನ್, ಮೂರನೇ ಕ್ರಾಸ್ ಎಂದು ಹುಡುಕುವ ನಮ್ಮ ಅಭ್ಯಾಸಕ್ಕೂ ಮನೆ ನಂಬರು, ಬೀದಿ ಹೆಸರು ಎಂದು ಅಚ್ಚುಕಟ್ಟಾಗಿ ಕೇಳುವ ಅವುಗಳ ಹುಡುಕಾಟಕ್ಕೂ ಹೊಂದಿಕೆ ಕಡಿಮೆ. ಜಾಗದ ಪಿನ್ ವಾಟ್ಸ್ಆ್ಯಪಿನಲ್ಲಿ ಬರುವ ಕಾಲದಲ್ಲಿ ಅದನ್ನು ನೇರವಾಗಿ ಸೆಟ್ಟಿಗೆ ಕಳಿಸಲಾಗದಿರುವುದು ದೊಡ್ಡ ಕೊರತೆ.

ಸೆಕೆಂಡ್ ಹ್ಯಾಂಡ್ ಸೆಟ್ಟು ಕೊಳ್ಳುವವರಿಗೆ ಒಂದು ಪರೀಕ್ಷೆ. ಆಂಟೆನಾ ಸಿಕ್ಕಿಸಿ, ಬಯಲಿನಲ್ಲಿ ಹತ್ತು ನಿಮಿಷ ಬಿಟ್ಟು ತಾರೀಖು ನೋಡಿ. ಜಿಪಿಎಸ್ ವಾರಗಳನ್ನು 1024ರ ತನಕ ಮಾತ್ರ ಎಣಿಸಿ ಮತ್ತೆ ಸೊನ್ನೆಗೆ ಬರುತ್ತದೆ. 2019ರ ಏಪ್ರಿಲ್ 6ರ ರಾತ್ರಿ ಹಾಗೆ ಬಂದಾಗ ಸಾಫ್ಟ್‌ವೇರ್ ಸರಿಪಡಿಸದ ಹಳೆಯ ಸೆಟ್ಟುಗಳ ತಾರೀಖು ಸುಮಾರು 19.6 ವರ್ಷ ಹಿಂದಕ್ಕೆ ಹೋಯಿತು. ತಾರೀಖು ತಪ್ಪಿದರೆ ಈಗ ತಲೆ ಮೇಲೆ ಯಾವ ಉಪಗ್ರಹ ಇರಬೇಕು ಎಂಬ ಅಂದಾಜೂ ತಪ್ಪುತ್ತದೆ, ಸ್ಥಾನ ಹಿಡಿಯಲು ವಿಪರೀತ ತಡವಾಗುತ್ತದೆ. ಹೊಸ ಫರ್ಮ್‌ವೇರ್ (ಸೆಟ್ಟಿನ ಒಳಗಿನ ಸಾಫ್ಟ್‌ವೇರ್) ಸಿಗದಿದ್ದರೆ ಅಂಥದ್ದನ್ನು ಹಾಡು ಕೇಳಲಿಕ್ಕೆ ಮಾತ್ರ ಎಂದು ಲೆಕ್ಕ ಹಾಕಿ ಬೆಲೆ ಹೇಳಿ.

ಎರಡನೇ ಜಾತಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ತಕರಾರೂ ಕಡಿಮೆ. ನಕ್ಷೆ ಫೋನಿನದು, ಹುಡುಕಾಟ ಫೋನಿನದು, ಟ್ರಾಫಿಕ್ಕಿನ ಕೆಂಪು ಗೆರೆ ಫೋನಿನದು. ಸೆಟ್ಟಿನ ಕೆಲಸ ತೋರಿಸುವುದು, ಕೇಳಿಸುವುದು. ಗೂಗಲ್ ಮ್ಯಾಪ್ಸ್ ಕನ್ನಡದಲ್ಲೇ ದಾರಿ ಹೇಳಬೇಕೆಂದರೆ ಫೋನಿನಲ್ಲೇ ಭಾಷೆ ಬದಲಿಸಬೇಕು. ವೈರ್‌ಲೆಸ್ ಕಾರ್‌ಪ್ಲೇ ಬ್ಲೂಟೂತಿನಲ್ಲಿ ಕೈಕುಲುಕಿ ವೈಫೈಗೆ ದಾಟುತ್ತದೆ. ಜೋಡಣೆ ಪದೇ ಪದೇ ಕಡಿಯುತ್ತಿದ್ದರೆ ಮೊದಲು ಸೆಟ್ಟಿನಲ್ಲಿ 5 ಗಿಗಾಹರ್ಟ್ಸ್ ವೈಫೈ ಆನ್ ಇದೆಯೇ ನೋಡಿ. ಕೇಬಲ್ ಬಳಸುವವರಿಗೆ ಒಂದೇ ಮಾತು: ಉದ್ದ ಒಂದು ಮೀಟರ್ ಮೀರದಿರಲಿ, ಚಾರ್ಜಿಗೆ ಮಾತ್ರ ಎಂದು ಮಾರುವ ಕೇಬಲ್ ಬೇಡ. ಇಂಥ ಸೆಟ್ಟಿಗೆ ಸ್ವಂತ ಆಂಟೆನಾ ಇದ್ದರೆ ಫೋನು ತನ್ನ ಜಿಪಿಎಸ್ ಬಿಟ್ಟು ಅದನ್ನೇ ನಂಬುವುದುಂಟು. ಆದ್ದರಿಂದ ಫೋನು ಕೈಯಲ್ಲಿದ್ದಾಗ ಸರಿಯಾಗಿದ್ದ ನಕ್ಷೆ ಕಾರಿಗೆ ಜೋಡಿಸಿದೊಡನೆ ತಪ್ಪಿದರೆ ಬೈಯಬೇಕಾದ್ದು ಗೂಗಲ್ಲನ್ನಲ್ಲ, ಆಂಟೆನಾ ಕೂರಿಸಿದವರನ್ನು.

ಇನ್ನು ಆಂಡ್ರಾಯ್ಡ್ ಸ್ಟೀರಿಯೊ. ಪೆಟ್ಟಿಗೆಯ ಮೇಲೆ ‘ಆಂಡ್ರಾಯ್ಡ್ 13, 4+64’ (4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹ) ಎಂದು ಬರೆದಿರುವುದನ್ನು ಹಾಗೇ ನಂಬಬಾರದು. ಅಗ್ಗದ ಸೆಟ್ಟುಗಳಲ್ಲಿ ಸೆಟ್ಟಿಂಗ್ಸ್ ಪುಟವೇ ಸುಳ್ಳು ಹೇಳುವಂತೆ ತಿದ್ದಿರುತ್ತಾರೆ. ಅಂಗಡಿಯಲ್ಲೇ ಸಿಪಿಯು-ಝಡ್ ಅಥವಾ ಐಡಾ64 ಆ್ಯಪ್ ಹಾಕಿ ಎಪಿಐ ಲೆವೆಲ್, ಅಂದರೆ ಆಂಡ್ರಾಯ್ಡಿನ ನಿಜವಾದ ಆವೃತ್ತಿ ಹೇಳುವ ಅಂಕಿ ನೋಡಿ: 33 ಇದ್ದರೆ ಆಂಡ್ರಾಯ್ಡ್ 13, 29 ಇದ್ದರೆ 10, 27 ಇದ್ದರೆ 8.1. ಜೊತೆಗೆ ಚಿಪ್ಪಿನ ಹೆಸರು. 8227ಎಲ್ ಅಥವಾ ಟಿ3 ಎಂದು ಬಂದರೆ ಅದು ನಾಲ್ಕು ಎ7 ಕೋರಿನ (ಕೋರ್ ಎಂದರೆ ಚಿಪ್ಪಿನೊಳಗೆ ಲೆಕ್ಕ ಮಾಡುವ ಘಟಕ), 32 ಬಿಟ್ಟಿನ ಹಳೆಯ ಚಿಪ್ಪು. ಹಾಡು ಹಾಕಿ ಮ್ಯಾಪ್ ತೆರೆದರೆ ಏದುಸಿರು ಬಿಡುತ್ತದೆ, ತಿರುವು ದಾಟಿದ ಮೇಲೆ ‘ಬಲಕ್ಕೆ ತಿರುಗಿ’ ಎನ್ನುತ್ತದೆ. ಯೂನಿಸಾಕ್‌ನ 8581ರಲ್ಲಿ ಎಂಟು ಎ55 ಕೋರುಗಳಿವೆ, ನಕ್ಷೆ ಮತ್ತು ಹಾಡಿಗೆ ಸಾಕು. 7862ರಲ್ಲಿ ಎರಡು ಎ75, ಆರು ಎ55. ಇದನ್ನು ಹಾಕಿಸಿಕೊಂಡರೆ ಐದು ವರ್ಷ ಬೇಸರವಿರದು. 4 ಜಿಬಿ ರ‍್ಯಾಮಿನ 7862 ಮುಂದೆ 8 ಜಿಬಿ ಎಂದು ಬರೆದ ಟಿ3 ಏನೇನೂ ಅಲ್ಲ.

ಸಿಮ್ ಹಾಕುವ ಸೆಟ್ಟಾದರೆ ಯಾವ ಬ್ಯಾಂಡ್ (ಮೊಬೈಲ್ ಸಿಗ್ನಲ್ಲಿನ ತರಂಗ ಪಟ್ಟಿ) ಹಿಡಿಯುತ್ತದೆ ಎಂದು ಕೇಳಿ. ಜಿಯೊಗೆ 3, 5, 40ನೇ ಬ್ಯಾಂಡುಗಳು ಬೇಕು. ಅದಕ್ಕೆ 2ಜಿ, 3ಜಿ ಇಲ್ಲದ ಕಾರಣ 4ಜಿ ಹಿಡಿಯದಿದ್ದರೆ ಏನೂ ಹಿಡಿಯುವುದಿಲ್ಲ. ಚೀನಾದ ಒಳಮಾರುಕಟ್ಟೆಗೆ ಮಾಡಿದ ಸೆಟ್ಟುಗಳಲ್ಲಿ 5ನೇ ಬ್ಯಾಂಡ್ ಬಿಟ್ಟುಹೋಗಿರಬಹುದು, ಹಳ್ಳಿಗಳ ಕಡೆ ದೂರ ತಲುಪುವುದು ಅದೇ 850 ಮೆಗಾಹರ್ಟ್ಸ್. ಗೊಂದಲ ಬೇಡವೆಂದರೆ ಫೋನಿನ ಹಾಟ್‌ಸ್ಪಾಟ್ ಸಾಕು.

ಶಿರಾಡಿ, ಚಾರ್ಮಾಡಿ, ಆಗುಂಬೆ ಘಾಟಿಗಳಲ್ಲಿ ಸಿಮ್ಮೂ ಇಲ್ಲ, ಹಾಟ್‌ಸ್ಪಾಟೂ ಇಲ್ಲ. ಜಿಪಿಎಸ್‌ಗೆ ನೆಟ್‌ವರ್ಕ್ ಬೇಕಿಲ್ಲ, ನಕ್ಷೆಯ ಚಿತ್ರಕ್ಕೆ ಬೇಕು ಎಂಬ ವ್ಯತ್ಯಾಸ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ; ಖಾಲಿ ಚೌಕದ ಮೇಲೆ ನೀಲಿ ಚುಕ್ಕೆ ಓಡುತ್ತಿದ್ದರೆ ಸೆಟ್ಟು ಕೆಟ್ಟಿಲ್ಲ. ಹಾಸನ ಬಿಡುವ ಮುಂಚೆ ಮಂಗಳೂರಿನ ತನಕದ ಆಫ್‌ಲೈನ್ ನಕ್ಷೆ ಇಳಿಸಿಕೊಳ್ಳಿ, ಫೋನಿನಲ್ಲಲ್ಲ, ಸೆಟ್ಟಿನಲ್ಲೇ. ಗೂಗಲ್ ನಕ್ಷೆಗೆ ಜೊತೆಯಾಗಿ ಆರ್ಗ್ಯಾನಿಕ್ ಮ್ಯಾಪ್ಸ್ ಅಥವಾ ಓಸ್ಮಾಂಡ್ ಹಾಕಿಟ್ಟರೆ ಒಳದಾರಿಗಳೂ ಸಿಗುತ್ತವೆ. ನಗರದೊಳಗೆ ಮ್ಯಾಪ್‌ಮೈಇಂಡಿಯಾದ ಮ್ಯಾಪಲ್ಸ್ ಆ್ಯಪ್ ಒಂದು ಕಾರಣಕ್ಕೆ ಇಷ್ಟವಾಗುತ್ತದೆ: ಜಂಕ್ಷನ್ ಬಂದಾಗ ಯಾವ ಲೇನ್ ಮೇಲಕ್ಕೆ, ಯಾವುದು ಕೆಳಕ್ಕೆ ಎಂಬ ಚಿತ್ರವನ್ನೇ ತೋರಿಸುತ್ತದೆ.

ಮೇಲೆ–ಕೆಳಗೆ ಎಂಬುದು ಬೆಂಗಳೂರಿನಲ್ಲಿ ಸಣ್ಣ ವಿಷಯವಲ್ಲ. ಸಿಲ್ಕ್ ಬೋರ್ಡಿನಿಂದ ಎಲೆಕ್ಟ್ರಾನಿಕ್ ಸಿಟಿಗೆ ಹತ್ತು ಕಿಲೋಮೀಟರಿನಷ್ಟು ಉದ್ದದ ಎತ್ತರದ ರಸ್ತೆ, ಅದರಡಿ ಹಳೆಯ ಹೊಸೂರು ರಸ್ತೆ. 2024ರ ಜುಲೈನಲ್ಲಿ ತೆರೆದ ರಾಗಿಗುಡ್ಡ–ಸಿಲ್ಕ್ ಬೋರ್ಡ್ ಡಬಲ್ ಡೆಕ್ಕರ್ ಫ್ಲೈಓವರು 3.36 ಕಿಲೋಮೀಟರು, ಮೇಲೆ ಮೆಟ್ರೊ, ನಡುವೆ ಒಂದು ರಸ್ತೆ, ನೆಲದ ಮೇಲೆ ಇನ್ನೊಂದು. ಜಿಪಿಎಸ್ ಅಡ್ಡಡ್ಡ ಅಳೆಯುವಷ್ಟು ಚೆನ್ನಾಗಿ ಎತ್ತರ ಅಳೆಯುವುದಿಲ್ಲ. ಎಂಟು–ಹತ್ತು ಮೀಟರಿನ ವ್ಯತ್ಯಾಸ ಅದರ ತಪ್ಪಿನ ಅಳತೆಯೊಳಗೇ ಮುಳುಗಿಹೋಗುತ್ತದೆ. ಕೆಳಗಿನ ರಸ್ತೆಯಲ್ಲಿ ಆಕಾಶವೂ ಮುಚ್ಚಿರುತ್ತದೆ, ಸಿಗುವ ಸಿಗ್ನಲ್ಲು ಕಟ್ಟಡಗಳಿಗೆ ಬಡಿದು ಸುತ್ತಿ ಬಂದದ್ದು. ಗೈರೊ ಇರುವ ಸೆಟ್ಟು ಮಾತ್ರ ಕಾರು ರ‍್ಯಾಂಪ್ ಹತ್ತಿದ್ದನ್ನು ಗುರುತಿಸಬಲ್ಲದು. ಉಳಿದವುಗಳಲ್ಲಿ ಬೋರ್ಡು ನೋಡಿ ನೀವೇ ನಿರ್ಧರಿಸಬೇಕು.

ಗೈರೊ ಇರುವ ಪಯೊನಿಯರ್, ಕೆನ್ವುಡ್ ಸೆಟ್ಟುಗಳನ್ನು 30 ಡಿಗ್ರಿಗಿಂತ ಹೆಚ್ಚು ಓರೆಯಾಗಿ ಕೂರಿಸಬಾರದು. ಪಯೊನಿಯರ್ ಸೆಟ್ಟಿನ ವೈರುಗಳ ಕಟ್ಟಿನಲ್ಲಿ ವೇಗದ ಪಲ್ಸಿಗೆಂದು ಗುಲಾಬಿ ವೈರು ಬರುತ್ತದೆ. ‘ಇದಿಲ್ಲದಿದ್ರೂ ನಡೆಯುತ್ತೆ ಸಾರ್’ ಎಂದು ಟೇಪ್ ಸುತ್ತಿ ಒಳಗೆ ತಳ್ಳುವವರೇ ಹೆಚ್ಚು. ನಡೆಯುತ್ತದೆ ನಿಜ, ಕೊಟ್ಟ ದುಡ್ಡಿನ ಅರ್ಧ ಮಾತ್ರ. ಟಯರಿನ ಅಳತೆ ಬದಲಿಸಿದರೆ ಚಕ್ರದ ಒಂದು ಸುತ್ತಿಗೆ ಎಷ್ಟು ದೂರ ಎಂದು ಸೆನ್ಸರ್ ಕಲಿತದ್ದನ್ನು ಅಳಿಸಿ ಮತ್ತೆ ಕಲಿಯಲು ಬಿಡಿ.

ಈಗ ಆಂಟೆನಾ. ಬೆಂಕಿಪೊಟ್ಟಣದಷ್ಟು ಕಪ್ಪು ಡಬ್ಬಿ, ಒಳಗೆ ಸುಮಾರು 25 ಮಿಲಿಮೀಟರ್ ಚೌಕದ ಸೆರಾಮಿಕ್ ಬಿಲ್ಲೆ, ತಳದಲ್ಲಿ ಅಯಸ್ಕಾಂತ, ಮೂರು ಮೀಟರಿನಷ್ಟು ವೈರು, ತುದಿಗೆ ತಿರುಪಿನ ಎಸ್‌ಎಂಎ ಪಿನ್ನು. ಇಪ್ಪತ್ತು ಸಾವಿರ ಕಿಲೋಮೀಟರ್ ಮೇಲಿನಿಂದ ಬರುವ ಸಿಗ್ನಲ್ಲನ್ನು ಹಿಡಿಯುವುದು ಇದೊಂದೇ. ಆದರೆ ಹೆಚ್ಚಿನ ಫಿಟ್ಟಿಂಗಿನಲ್ಲಿ ಇದನ್ನು ಸೆಟ್ಟಿನ ಹಿಂದಿನ ಗೂಡಿನಲ್ಲೇ, ವೈರುಗಳ ಜೊತೆ ಸುರುಳಿ ಸುತ್ತಿ ಬಿಟ್ಟಿರುತ್ತಾರೆ. ಮೇಲೆ ಸೆಟ್ಟಿನ ತಗಡು, ಪಕ್ಕದಲ್ಲಿ ಡ್ಯಾಶ್‌ಬೋರ್ಡಿನ ಉಕ್ಕಿನ ಅಡ್ಡಪಟ್ಟಿ. ಸಿಗ್ನಲ್ ಬರುವುದಾದರೂ ಎಲ್ಲಿಂದ?

ಸರಿಯಾದ ಜಾಗ ಮುಂದಿನ ಗಾಜಿನ ಬುಡದಲ್ಲಿ, ಡ್ಯಾಶ್‌ಬೋರ್ಡಿನ ಮೇಲ್ಮೈಯ ಪ್ಲಾಸ್ಟಿಕ್ಕಿನ ಕೆಳಗೆ ಅಥವಾ ಮೇಲೆ, ಸಮತಟ್ಟಾಗಿ, ಲೇಬಲ್ ಇರುವ ಮುಖ ಆಕಾಶಕ್ಕೆ. ಪ್ಲಾಸ್ಟಿಕ್ಕಿನ ಮೂಲಕ ಸಿಗ್ನಲ್ ಬರುತ್ತದೆ, ಲೋಹದ ಮೂಲಕ ಬರುವುದಿಲ್ಲ. ಬಿಲ್ಲೆಯ ಅಡಿಗೆ ಅಂಗೈಯಗಲದ ತಗಡಿನ ಚೂರು ಇಟ್ಟರೆ ಇನ್ನೂ ಒಳ್ಳೆಯದು; ಪಯೊನಿಯರ್ ತನ್ನ ಆಂಟೆನಾ ಜೊತೆ ಇಂಥ ತಗಡಿನ ಹಾಳೆ ಕೊಡುವುದು ಇದೇ ಕಾರಣಕ್ಕೆ. ಮುಂದಿನ ಗಾಜಿನ ಪಕ್ಕದ ಎ ಪಿಲ್ಲರಿನ ಕಂಬಕ್ಕೆ ತಾಗುವಂತೆ ಬೇಡ, ಏರ್‌ಬ್ಯಾಗಿನ ಮುಚ್ಚಳದ ಮೇಲಂತೂ ಬೇಡವೇ ಬೇಡ. ಡ್ಯಾಶ್ ಕ್ಯಾಮರಾ ಮತ್ತು ಅಗ್ಗದ ಯುಎಸ್‌ಬಿ ಚಾರ್ಜರುಗಳಿಂದ ದೂರವಿರಲಿ, ಅವು ಉಗುಳುವ ರೇಡಿಯೊ ಗಲಾಟೆಯಲ್ಲಿ ಉಪಗ್ರಹದ ಪಿಸುಮಾತು ಮುಚ್ಚಿಹೋಗುತ್ತದೆ. ಬಿಸಿಲು ತಡೆಯುವ ಲೋಹದ ಲೇಪದ ಗಾಜು ಅಥವಾ ಫಿಲಂ ಇದ್ದರೆ ಆಂಟೆನಾ ಹೊರಗೆ ಹೋಗಬೇಕಾದೀತು.

ಕೂರಿಸಿದ್ದು ಸರಿಯೇ ಎಂದು ತಿಳಿಯಲು ಜಿಪಿಎಸ್ ಟೆಸ್ಟ್ ತರಹದ ಆ್ಯಪ್ ತೆರೆದು, ಕಾರನ್ನು ಮರ–ಕಟ್ಟಡಗಳ ಮರೆಯಿಲ್ಲದ ಜಾಗಕ್ಕೆ ತಂದು ಎರಡು ನಿಮಿಷ ಕಾಯಿರಿ. ಪ್ರತಿ ಉಪಗ್ರಹದ ಮುಂದೆ ಸಿಗ್ನಲ್ಲಿನ ಬಲ ಹೇಳುವ ಒಂದು ಅಂಕಿ ಬರುತ್ತದೆ. ಏಳೆಂಟಾದರೂ ಉಪಗ್ರಹಗಳು 35ರ ಮೇಲಿದ್ದರೆ ಒಳ್ಳೆಯದು. ಎಲ್ಲವೂ 25ರ ಕೆಳಗೆ ತೆವಳುತ್ತಿದ್ದರೆ ಡ್ಯಾಶ್‌ಬೋರ್ಡ್ ಮುಚ್ಚುವ ಮುಂಚೆಯೇ ಜಾಗ ಬದಲಿಸಲು ಹೇಳಿ. ಒಂದೂ ಕಾಣದಿದ್ದರೆ ಪಿನ್ನು ವೈಫೈ ಆಂಟೆನಾದ ತೂತಿಗೆ ಹೋಗಿರುವ ಸಾಧ್ಯತೆಯೇ ಹೆಚ್ಚು.

ದೋಷವಲ್ಲದ ಎರಡು ನಡವಳಿಕೆಗಳನ್ನು ದೋಷ ಎಂದುಕೊಳ್ಳಬೇಡಿ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಿಂದ ಹೊರಟಾಗ ಮೊದಲ ತಿರುವು ತಪ್ಪುವುದು ಸಹಜ. ಒಂದು ಉಪಗ್ರಹ ತನ್ನ ಪಥದ ವಿವರವನ್ನು ಪೂರ್ತಿ ಹೇಳಲು 30 ಸೆಕೆಂಡು ತೆಗೆದುಕೊಳ್ಳುತ್ತದೆ, ಸ್ಥಾನಕ್ಕೆ ಕನಿಷ್ಠ ನಾಲ್ಕು ಉಪಗ್ರಹ ಬೇಕು. ಗೇಟಿನಾಚೆ ಬಂದು ಒಂದು ನಿಮಿಷವಾದರೂ ಕೊಡಿ. ಇನ್ನೊಂದು, ಸಿಗ್ನಲ್ಲಿನಲ್ಲಿ ನಿಂತಾಗ ಬಾಣ ಗಿರಗಿರ ತಿರುಗುವುದು. ಒಂದು ಆಂಟೆನಾದ ಜಿಪಿಎಸ್‌ಗೆ ದಿಕ್ಕು ತಿಳಿಯುವುದು ಚಲಿಸುವಾಗ ಮಾತ್ರ, ಸೆಟ್ಟಿನೊಳಗೆ ದಿಕ್ಸೂಚಿ ಇಲ್ಲ. ಕಾರು ಹತ್ತು ಹೆಜ್ಜೆ ಹೋದರೆ ಸರಿಹೋಗುತ್ತದೆ.

ವೈರಿಂಗಿಗೆ ಬರೋಣ. ಬಣ್ಣಗಳನ್ನು ನೆನಪಿಟ್ಟುಕೊಂಡರೆ ಮೋಸ ಹೋಗುವುದಿಲ್ಲ. ಹಳದಿ ಸದಾ 12 ವೋಲ್ಟ್, ಇದರಲ್ಲಿ 10 ಅಥವಾ 15 ಆಂಪಿಯರಿನ ಫ್ಯೂಸ್ ಇರಲೇಬೇಕು. ಕೆಂಪು ಕೀ ತಿರುಗಿಸಿದಾಗ ಮಾತ್ರ. ಕಪ್ಪು ಅರ್ಥ್. ಕಿತ್ತಳೆ ಹೆಡ್‌ಲೈಟ್ ಹಾಕಿದಾಗ ಪರದೆ ಮಂಕಾಗಲು. ಬಿಳಿ, ಬೂದು, ಹಸಿರು, ನೇರಳೆ ಜೋಡಿಗಳು ಕ್ರಮವಾಗಿ ಮುಂದಿನ ಎಡ, ಮುಂದಿನ ಬಲ, ಹಿಂದಿನ ಎಡ, ಹಿಂದಿನ ಬಲ ಸ್ಪೀಕರಿಗೆ. ಕಪ್ಪು ಗೆರೆ ಇರುವುದು ಮೈನಸ್. ಒಂದು ಸ್ಪೀಕರಿಗೆ ಪ್ಲಸ್–ಮೈನಸ್ ಅದಲುಬದಲಾದರೆ ಹಾಡು ಕೇಳುತ್ತದೆ, ಬೇಸ್ ಮಾತ್ರ ಮಾಯ.

ನೀಲಿ ವೈರನ್ನು ಮರೆಯುವುದು ಫಿಟ್ಟರುಗಳ ರಾಷ್ಟ್ರೀಯ ಹವ್ಯಾಸ. ಚಾವಣಿಯ ಆಂಟೆನಾದ ಬುಡದಲ್ಲಿರುವ ಬೂಸ್ಟರಿಗೆ ಕರೆಂಟ್ ಹೋಗುವುದು ಇದರಿಂದ. ಕೊಡದಿದ್ದರೆ ಕಂಪನಿ ಸೆಟ್ಟಿನಲ್ಲಿ ಸ್ವಚ್ಛವಾಗಿ ಬರುತ್ತಿದ್ದ ಎಫ್‌ಎಂ ಊರ ಗಡಿ ದಾಟುವ ಮುಂಚೆಯೇ ಕೊರಗುಟ್ಟುತ್ತದೆ. ಎಫ್‌ಎಂ ವಿಷಯ ಬಂದಾಗ ಅಮೆರಿಕದಿಂದ ಅಣ್ಣನೋ ಭಾವನೋ ತಂದುಕೊಡುವ ಸೆಟ್ಟಿನ ಎಚ್ಚರಿಕೆಯೂ ಬೇಕು. ಅಲ್ಲಿನ ಟ್ಯೂನರು 0.2ರ ಹೆಜ್ಜೆಯಲ್ಲಿ ಬೆಸ ದಶಾಂಶಕ್ಕೆ ಮಾತ್ರ ನಿಲ್ಲುತ್ತದೆ. ಬೆಂಗಳೂರಿನ 101.3 ಸಿಗುತ್ತದೆ, ಮೈಸೂರು ಆಕಾಶವಾಣಿಯ 100.6 ಸಿಗುವುದಿಲ್ಲ. ಪ್ರದೇಶ ಬದಲಿಸುವ ಸೆಟ್ಟಿಂಗ್ ಇದೆಯೇ ಎಂದು ಅಲ್ಲೇ ನೋಡಿ ಕೊಳ್ಳಲು ಹೇಳಿ. ನಕ್ಷೆಯೂ ಆ ದೇಶದ್ದೇ ಆಗಿರುತ್ತದೆ.

ಹೊಸ ಕಾರಿನಲ್ಲಿ ವೈರು ಕತ್ತರಿಸಲು ಬಿಡಬೇಡಿ. ಮಾರುತಿ, ಹ್ಯುಂಡೈ, ಟಾಟಾ, ಮಹೀಂದ್ರ ಎಲ್ಲದಕ್ಕೂ ಮಾದರಿಗೆ ತಕ್ಕ ಕಪ್ಲರ್ (ವೈರು ಕತ್ತರಿಸದೆ ಸಿಕ್ಕಿಸುವ ಜೋಡಣೆ) ಸಿಗುತ್ತದೆ. ಕತ್ತರಿಸಿ ತಿರುಚಿ ಟೇಪ್ ಸುತ್ತಿದ ಜೋಡಣೆ ಬೇಸಿಗೆಯಲ್ಲಿ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ, ಜೊತೆಗೆ ಎಲೆಕ್ಟ್ರಿಕಲ್ ವಾರಂಟಿಗೆ ಶೋರೂಮಿನವರು ಕೈಯೆತ್ತಿಬಿಡಬಹುದು. ಸ್ಟೀರಿಂಗಿನ ಬಟನ್ನುಗಳಿಗೆ ಹಳೆಯ ಕಾರುಗಳಲ್ಲಿ ಕೀ1, ಕೀ2 ಎಂಬ ಎರಡು ವೈರು ಸಾಕು, ಸೆಟ್ಟಿನಲ್ಲಿ ಒಂದೊಂದೇ ಬಟನ್ ಒತ್ತಿ ಕಲಿಸಬೇಕು. ಬಟನ್ನಿನ ಸಂದೇಶ ಕ್ಯಾನ್ ಎಂಬ ಡಿಜಿಟಲ್ ಜಾಲದಲ್ಲಿ ಹೋಗುವ ಕಾರುಗಳಿಗೆ ಅದನ್ನು ಸೆಟ್ಟಿಗೆ ತಿಳಿಸುವ ಕ್ಯಾನ್ ಡಬ್ಬಿ ಬೇಕು, ಅದರ ಸೆಟ್ಟಿಂಗಿನಲ್ಲಿ ಕಾರಿನ ಸರಿಯಾದ ಮಾದರಿ ಆರಿಸಬೇಕು. ಆ ಫ್ಯಾಕ್ಟರಿ ಸೆಟ್ಟಿಂಗಿನ ಪಾಸ್‌ವರ್ಡನ್ನು ಅಂಗಡಿಯವರಿಂದ ಬರೆಸಿಕೊಂಡಿರಿ.

ಎಂಜಿನ್ ರೇಸ್ ಮಾಡಿದಂತೆ ಏರುವ ‘ಕುಂಯ್’ ಶಬ್ದ ಬಂದರೆ ಅದು ಆಲ್ಟರ್ನೇಟರಿನದು. ಆಂಪ್ಲಿಫೈಯರ್ ಮತ್ತು ಸೆಟ್ಟಿನ ಅರ್ಥ್ ಬೇರೆ ಬೇರೆ ಕಡೆ ಕೊಟ್ಟಿದ್ದರೆ ಹೀಗಾಗುತ್ತದೆ. ಬಣ್ಣ ಕೆರೆದ ಬರಿ ತಗಡಿಗೆ, ಎರಡನ್ನೂ ಒಂದೇ ಕಡೆ ಬೋಲ್ಟ್ ಹಾಕಿ ಬಿಗಿದರೆ ಬಹುಮಟ್ಟಿಗೆ ನಿಲ್ಲುತ್ತದೆ. ಆರ್‌ಸಿಎ (ಸೆಟ್ಟಿನಿಂದ ಆಂಪ್ಲಿಫೈಯರಿಗೆ ಸ್ವರ ಒಯ್ಯುವ) ವೈರನ್ನು ಪವರ್ ವೈರಿನ ಜೊತೆ ಒಂದೇ ಬದಿಯಲ್ಲಿ ಎಳೆಯಬಾರದು.

ವಾಟ್ಸಿನ ಸುಳ್ಳು ಎಲ್ಲ ಕಂಪನಿಗಳ ಪೆಟ್ಟಿಗೆಯ ಮೇಲೂ ಇದೆ, ಚೀನಾದವರನ್ನು ಮಾತ್ರ ದೂರಬೇಕಿಲ್ಲ. ಎಂಜಿನ್ ಚಾಲೂ ಇದ್ದಾಗ ಕಾರಿನಲ್ಲಿ ಸಿಗುವುದು 14.4 ವೋಲ್ಟ್. ಅಷ್ಟರಲ್ಲಿ 4 ಓಮಿನ ಸ್ಪೀಕರಿಗೆ ಶುದ್ಧವಾಗಿ ಕೊಡಬಹುದಾದ ಗರಿಷ್ಠ ಶಕ್ತಿ ಲೆಕ್ಕ ಹಾಕಿದರೆ ಸುಮಾರು 26 ವಾಟ್. ಚಿಪ್ಪಿನೊಳಗಿನ ನಷ್ಟ ಕಳೆದರೆ ಇಪ್ಪತ್ತರ ಆಸುಪಾಸು. 50, 55, 60 ವಾಟ್ ಎಂಬುದು ಸ್ವರ ಒಡೆದ ಮೇಲಿನ ಕ್ಷಣಿಕ ಅಂಕಿ. ಮುಂದೆ ಆಂಪ್ಲಿಫೈಯರ್ ಹಾಕುವ ಯೋಚನೆಯಿದ್ದರೆ ವಾಟ್ ಬಿಟ್ಟು ಪ್ರಿಔಟಿನ, ಅಂದರೆ ಆಂಪ್ಲಿಫೈಯರಿಗೆ ಸ್ವರ ಕೊಡುವ ತೂತಿನ ವೋಲ್ಟೇಜ್ ನೋಡಿ: 4 ಅಥವಾ 5 ವೋಲ್ಟಿನ ಬ್ರ್ಯಾಂಡೆಡ್ ಸೆಟ್ಟು ಶಬ್ದದಲ್ಲಿ ಆಂಡ್ರಾಯ್ಡ್ ಸ್ಟೀರಿಯೊವನ್ನು ಹಿಂದಿಕ್ಕುವುದು ಇಲ್ಲೇ. ಸಂಗೀತವೇ ಮುಖ್ಯ ಎನ್ನುವವರು ಪಯೊನಿಯರ್, ಸೋನಿ, ಕೆನ್ವುಡ್‌ಗಳ ಕಾರ್‌ಪ್ಲೇ ಸೆಟ್ಟಿಗೆ ಹೆಚ್ಚು ದುಡ್ಡು ಕೊಟ್ಟರೂ ನಷ್ಟವಿಲ್ಲ.

ರಿವರ್ಸ್ ಕ್ಯಾಮರಾ ಎಎಚ್‌ಡಿ (ಹೆಚ್ಚು ಸ್ಪಷ್ಟ ಚಿತ್ರದ ವಿಧ) ಆಗಿದ್ದು ಸೆಟ್ಟು ಹಳೆಯ ಸಿವಿಬಿಎಸ್ ವಿಧದ ಚಿತ್ರ ಮಾತ್ರ ತಿಳಿದಿದ್ದರೆ ಚಿತ್ರವೇ ಬರದು. ಚಿತ್ರ ಉರುಳುತ್ತಿದ್ದರೆ, ಕಪ್ಪು–ಬಿಳುಪಾಗಿದ್ದರೆ ಪಾಲ್–ಎನ್‌ಟಿಎಸ್‌ಸಿ ಎಂಬ ವಿಡಿಯೊ ಪದ್ಧತಿಗಳು ಅದಲುಬದಲಾಗಿವೆ.

ಬ್ಯಾಟರಿ ಇಳಿಯುವ ದೂರಿಗೆ ಮಲ್ಟಿಮೀಟರ್ ಸಾಕು. ಕೀ ತೆಗೆದು, ಬಾಗಿಲು ಹಾಕಿ, ಅರ್ಧ ಗಂಟೆಯ ಮೇಲೆ ಹಳದಿ ವೈರಿನ ಫ್ಯೂಸ್ ಜಾಗದಲ್ಲಿ ಕರೆಂಟ್ ಅಳೆಯಿರಿ. ಸ್ಲೀಪಿನಲ್ಲಿರುವ ಸೆಟ್ಟು 10 ಮಿಲಿಆಂಪಿಯರ್ ಎಳೆದರೆ ತಿಂಗಳಿಗೆ ಏಳು ಆಂಪಿಯರ್ ಅವರ್, ಸಹಿಸಬಹುದು. ಸ್ವಿಚ್ ಕರೆಂಟ್ ಹುಡುಕುವ ಸೋಮಾರಿತನಕ್ಕೆ ಕೆಂಪು–ಹಳದಿ ಎರಡನ್ನೂ ಸೇರಿಸಿ ತಿರುಚಿದ್ದರೆ ಸೆಟ್ಟು ಮಲಗುವುದೇ ಇಲ್ಲ. ಒಂದು ಆಂಪಿಯರ್ ಎಳೆಯುತ್ತಿದ್ದರೆ ಸಣ್ಣ ಕಾರಿನ 35 ಆಂಪಿಯರ್ ಅವರ್ ಬ್ಯಾಟರಿ ಒಂದೂವರೆ ದಿನಕ್ಕೇ ಮಲಗುತ್ತದೆ. ಹದಿನೈದು ದಿನ ಊರಿಗೆ ಹೋಗುವವರು ಸೆಟ್ಟಿಂಗಿನಲ್ಲಿ ಸ್ಲೀಪ್ ಬಿಟ್ಟು ಪೂರ್ತಿ ಆಫ್ ಆಗುವಂತೆ ಮಾಡಿಕೊಳ್ಳಿ. ಮುಂದಿನ ಸಲ ಸೆಟ್ಟು ಏಳಲು ಅರ್ಧ ನಿಮಿಷ ಹೆಚ್ಚು ಹಿಡಿಯುತ್ತದೆ, ಅಷ್ಟೇ.

ಬಿಲ್ಲಿನಲ್ಲಿ ಚಿಪ್ಪಿನ ಹೆಸರು ಬರೆಸಿ. ಅಂಗಡಿ ಬಿಡುವಾಗ ಕಂಪನಿಯ ಹಳೆಯ ಸೆಟ್ಟು, ಅದರ ಫ್ರೇಮು, ಸ್ಕ್ರೂಗಳು, ಉಳಿದ ಕಪ್ಲರ್ ಎಲ್ಲ ಒಂದು ಚೀಲಕ್ಕೆ ಹಾಕಿಸಿಕೊಂಡು ಬನ್ನಿ. ಕಾರು ಮಾರುವ ದಿನ ಕಪ್ಲರ್ ಬಿಚ್ಚಿ ಹಳೆಯದನ್ನು ಕೂರಿಸಲು ಇಪ್ಪತ್ತು ನಿಮಿಷ ಸಾಕು.